ಹೊಸ ಟಿ.ವಿ.ಯೂ ಮನೆಯ ಮಾತೂ



ಅಂಗಡಿಯಲ್ಲಿ ಕೂತವನಿಗೆ ಊರಿನ ಮನೆಗಳಿಗೆ ಏನೇನು ಹೊಸದಾಗಿ ಬರುತ್ತಿದೆ ಎಂಬುದು ಕೇಳದೆಯೇ ತಿಳಿಯುತ್ತದೆ. ನಮ್ಮ ಹಿಂದೂಪುರದಲ್ಲಿ ಈಚೆಗೆ ಆಟೋಗಳಲ್ಲಿ ಅಗಲವಾದ ರಟ್ಟಿನ ಪೆಟ್ಟಿಗೆಗಳು ಹೋಗುವುದು ಹೆಚ್ಚಾಗಿದೆ. ಇದಕ್ಕೆ ಒಂದು ಕಾರಣ ತೆರಿಗೆ. 32 ಅಂಗುಲದವರೆಗಿನ ಟಿ.ವಿ.ಗೆ ಜಿ.ಎಸ್.ಟಿ. 2019ರ ಜನವರಿ 1ರಿಂದಲೇ ಶೇಕಡಾ 18 ಆಗಿತ್ತು. ಅದಕ್ಕಿಂತ ದೊಡ್ಡದಕ್ಕೆ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಹತ್ತು ಪರ್ಸೆಂಟ್ ಇಳಿದರೆ ವ್ಯಾಪಾರ ಹೇಗೆ ಏಳುತ್ತದೆ ಎಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಟಿ.ವಿ. ಮನೆಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಎಲ್ಲಿ ಕೂಡಿಸಬೇಕು, ಯಾವ ತಂತಿ ಎಲ್ಲಿಗೆ, ಯಾವ ಬಾಕ್ಸು, ಯಾವ ಪ್ಯಾಕು, ಎರಡು ರಿಮೋಟು ಏಕೆ, ಇಷ್ಟೆಲ್ಲ ದುಡ್ಡು ಕೊಟ್ಟ ಮೇಲೂ ಅಜ್ಜಿ ನೋಡುವ ಚಾನೆಲ್ ಏಕೆ ಬರುತ್ತಿಲ್ಲ, ಇವೆಲ್ಲ ಆಮೇಲೆ ಏಳುವ ಪ್ರಶ್ನೆಗಳು. ಈ ಪ್ರಶ್ನೆಗಳನ್ನು ಹಲವರು ನಮ್ಮ ಅಂಗಡಿಗೆ ಬಂದಾಗ ಕೇಳಿದ್ದಾರೆ. ನಾವು ಮೆಟ್ರಿಕ್‌ವರೆಗೆ ಓದಿದವರು, ಎಂಜಿನಿಯರಲ್ಲ. ಆದರೂ ನಮ್ಮ ಮನೆಗೊಂದು, ಕಲ್ಯಾಣದುರ್ಗದ ಅಕ್ಕನ ಮನೆಗೊಂದು ಕೂಡಿಸುವಾಗ ತಿಳಿದುಕೊಂಡದ್ದನ್ನು ಈ ತಿಂಗಳು ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಹಳೆಯ ಕಾಲವನ್ನು ಸ್ವಲ್ಪ ನೆನೆಯೋಣ. ದೆಹಲಿಯಲ್ಲಿ ದೂರದರ್ಶನ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಬೆಂಗಳೂರು ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಆಗ ನಮಗೆ ಇಪ್ಪತ್ತರ ಹರೆಯ. ಹಿಂದೂಪುರ ಆಂಧ್ರದ ಊರಾದರೂ ಬೆಂಗಳೂರಿಗೆ ನೂರು ಕಿಲೋಮೀಟರ್ ಆಸುಪಾಸು. ಅನುಕೂಲಸ್ಥರು ಮಾಳಿಗೆಯ ಮೇಲೆ ಎತ್ತರದ ಪೈಪು ನಿಲ್ಲಿಸಿ, ಅಲ್ಯುಮಿನಿಯಂ ಕಡ್ಡಿಗಳ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಗೌರಿಬಿದನೂರಿನ ಕಡೆಗೆ ಮುಖ ತಿರುಗಿಸುತ್ತಿದ್ದರು. ಒಬ್ಬರು ಮೇಲೆ ನಿಂತು ಪೈಪು ತಿರುಗಿಸುವುದು, ಒಬ್ಬರು ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುವುದು. ಮಸುಕಾಗಿ ಬಂದರೂ ಬರುತ್ತಿತ್ತು. ಚುಕ್ಕೆಗಳ ನಡುವೆ ಮುಖ ಗುರುತು ಹಿಡಿದು ಸಂತೋಷಪಡುತ್ತಿದ್ದೆವು. 1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಬಜಾರಿನಲ್ಲಿ ಗಿರಾಕಿಯೇ ಇರುತ್ತಿರಲಿಲ್ಲ.

ಆ ಗಾಳಿಯ ಸಿಗ್ನಲ್ ಈಗ ಹೆಚ್ಚುಕಡಿಮೆ ಇಲ್ಲ. ದೂರದರ್ಶನದವರು ಹಳೆಯ ಮಾದರಿಯ ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ನಿಲ್ಲಿಸುತ್ತಾ ಬಂದು, ಗಡಿಯಂತಹ ಕೆಲವು ಮುಖ್ಯ ಜಾಗಗಳನ್ನು ಬಿಟ್ಟರೆ, 2022ರ ಮಾರ್ಚ್ ಹೊತ್ತಿಗೆ ಈ ಕೆಲಸ ಮುಗಿಸಿದರು. ಆದ್ದರಿಂದ ಮಾಳಿಗೆಯ ಮೇಲಿನ ಹಳೆಯ ಆಂಟೆನಾ ಇಂದು ಕಾಗೆ ಕೂರಲಿಕ್ಕೆ ಮಾತ್ರ. ಹೊಸ ಟಿ.ವಿ.ಗೆ ಅದನ್ನು ಜೋಡಿಸಿ ಪ್ರಯತ್ನಿಸುವುದು ವ್ಯರ್ಥ.

ಹಾಗಾದರೆ ಡಿಜಿಟಲ್ ಎಂದರೇನು? ನಮಗೆ ತಿಳಿದಂತೆ ವ್ಯಾಪಾರದ ಉದಾಹರಣೆಯಲ್ಲೇ ಹೇಳುತ್ತೇವೆ. ಹಿಂದೆ ಟ್ರಂಕ್ ಕಾಲ್ ಮಾಡಿ ಬೆಲ್ಲದ, ಹುಣಸೆಹಣ್ಣಿನ ಧಾರಣೆ ಕೇಳುತ್ತಿದ್ದೆವು. ಲೈನಿನಲ್ಲಿ ಗರಗರ ಸದ್ದು. ಆ ಕಡೆಯವರ ದನಿ ನಮಗೆ ಪೂರ್ತಿ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಆದರೆ ಅವರು ಹೇಳಿದ ಅಂಕಿ ಒಮ್ಮೆ ಕಿವಿಗೆ ಬಿದ್ದರೆ ಸಾಕು, ನಮ್ಮ ಚೀಟಿಯಲ್ಲಿ ಬರೆದುಕೊಂಡ ಅಂಕಿ ಅವರ ಚೀಟಿಯಲ್ಲಿದ್ದಷ್ಟೇ ಖಚಿತ. ಹಳೆಯ ಟಿ.ವಿ. ದನಿಯನ್ನು ಕಳಿಸುವ ರೀತಿ, ದಾರಿಯಲ್ಲಿ ಎಷ್ಟು ಗಲೀಜು ಸೇರಿತೋ ಅಷ್ಟೂ ನಮ್ಮ ಪರದೆಗೆ ಬರುತ್ತಿತ್ತು. ಹೊಸದು ಅಂಕಿಯನ್ನು ಕಳಿಸುವ ರೀತಿ. ಚಿತ್ರವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು, ಪ್ರತಿ ಚುಕ್ಕೆಯ ಬಣ್ಣವನ್ನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಲೆಕ್ಕ ಬರೆದು ಕಳಿಸುತ್ತಾರೆ. ನಮ್ಮ ಮನೆಯ ಬಾಕ್ಸು ಆ ಲೆಕ್ಕವನ್ನು ಓದಿ ಚಿತ್ರವನ್ನು ಮತ್ತೆ ಕಟ್ಟುತ್ತದೆ. ಲೆಕ್ಕ ಸರಿಯಾಗಿ ಬಂದರೆ ಚಿತ್ರ ಸ್ಟುಡಿಯೋದಿಂದ ಹೊರಟಷ್ಟೇ ಚೊಕ್ಕ. ಆದರೆ ಅಂಕಿಯೇ ಕೇಳದಿದ್ದರೆ ಧಾರಣೆಯೇ ಇಲ್ಲ. ಅದಕ್ಕೇ ಹೊಸ ಟಿ.ವಿ.ಯಲ್ಲಿ ಮಸುಕು ಎಂಬುದಿಲ್ಲ. ಚಿತ್ರ ಮೊದಲು ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಪೂರ್ತಿ ನಿಂತುಹೋಗುತ್ತದೆ.

ಇದನ್ನು ತಿಳಿದರೆ ರಿಪೇರಿಗೂ ಅನುಕೂಲ. ಚೌಕಗಳು ಕಂಡರೆ ಟಿ.ವಿ. ಕೆಟ್ಟಿದೆ ಎಂದು ಗಾಬರಿಪಡಬಾರದು. ಹತ್ತಕ್ಕೆ ಎಂಟು ಸಲ ಅದು ತಂತಿಯ ತುದಿ ಸಡಿಲವಾದದ್ದು, ನೀರು ಹೊಕ್ಕದ್ದು ಅಥವಾ ಛತ್ರಿ ಅಲುಗಿದ್ದು. ಜೋರು ಮಳೆಯಲ್ಲಿ ಛತ್ರಿಯ ಚಿತ್ರ ಹೋಗುವುದು ಸಹಜ. ಉಪಗ್ರಹದಿಂದ ಬರುವ ಅಲೆಗಳನ್ನು ದಪ್ಪ ಮಳೆಹನಿಗಳು ಹೀರಿಕೊಳ್ಳುತ್ತವೆ. ಮಳೆ ನಿಂತರೆ ತಾನೇ ಬರುತ್ತದೆ, ಆ ಹೊತ್ತಿನಲ್ಲಿ ಮಾಳಿಗೆ ಹತ್ತುವುದು ಬೇಡ.

ಇನ್ನು ಮನೆಮನೆಗೂ ಬಾಕ್ಸು ಏಕೆ ಕಡ್ಡಾಯವಾಯಿತು? ಇದು ನಮ್ಮ ವ್ಯಾಪಾರಿ ಬಂಧುಗಳಿಗೆ ಬೇಗ ಅರ್ಥವಾಗುವ ವಿಷಯ. ಹಳೆಯ ಕೇಬಲ್ಲಿನಲ್ಲಿ ಒಂದೇ ತಂತಿಯಿಂದ ಎಷ್ಟು ಮನೆಗೆ ಎಳೆದರೂ ಲೆಕ್ಕ ಸಿಗುತ್ತಿರಲಿಲ್ಲ. ಸಾವಿರ ಮನೆಗೆ ಕೊಟ್ಟು ಇನ್ನೂರು ಎಂದು ತೋರಿಸಿದರೂ ಕೇಳುವವರಿಲ್ಲ. ಬಿಲ್ಲಿಲ್ಲದ ವ್ಯಾಪಾರ ಎಂದು ಬಜಾರಿನಲ್ಲಿ ಹೇಳುತ್ತೇವಲ್ಲ, ಅದೇ. ಚಾನೆಲ್‌ನವರಿಗೂ ನಷ್ಟ, ಸರ್ಕಾರಕ್ಕೂ ತೆರಿಗೆ ನಷ್ಟ. 1995ರ ಕೇಬಲ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಡಿಜಿಟಲ್ ಕಡ್ಡಾಯ ಮಾಡಿದರು. ದೊಡ್ಡ ಮಹಾನಗರಗಳಿಗೆ 2012ರ ಅಕ್ಟೋಬರ್ 31, ಬೆಂಗಳೂರು, ಮೈಸೂರು, ಹೈದರಾಬಾದ್ ಸೇರಿದ 38 ನಗರಗಳಿಗೆ 2013ರ ಮಾರ್ಚ್ 31, ಉಳಿದ ಪಟ್ಟಣಗಳಿಗೆ 2015ರ ಡಿಸೆಂಬರ್ 31, ಹಳ್ಳಿಗಳಿಗೆ 2016ರ ಡಿಸೆಂಬರ್ 31 ಎಂದು ವಾಯಿದೆ ಇಟ್ಟರು. ನಮ್ಮಂತಹ ಊರುಗಳಿಗೆ ಆ ವಾಯಿದೆ ಮತ್ತೆ ಮುಂದೆ ಹೋಗಿ 2017ರ ಮೊದಲ ತಿಂಗಳುಗಳವರೆಗೆ ನಡೆಯಿತು. ಈಗ ಪ್ರತಿ ಬಾಕ್ಸಿಗೂ ಒಂದು ನಂಬರು. ಆ ನಂಬರಿನ ಮನೆಯವರು ಯಾವ ಚಾನೆಲಿಗೆ ದುಡ್ಡು ಕಟ್ಟಿದ್ದಾರೆ ಎಂಬುದು ಕೂಡಲೇ ಕಂಪ್ಯೂಟರಿನಲ್ಲಿ ದಾಖಲು. ಈ ಮಾತನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈಗ ಮನೆಯಲ್ಲಿ ಕೂಡಿಸುವ ವಿಚಾರ. ಟಿ.ವಿ.ಯ ಅಂಗುಲವೆಂದರೆ ಅಗಲವಲ್ಲ, ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. 43 ಅಂಗುಲದ ಟಿ.ವಿ.ಗೆ ಗೋಡೆಯ ಮೇಲೆ ಬೇಕಾಗುವ ಅಗಲ ಸುಮಾರು 38 ಅಂಗುಲ. ಗೂಡಿನಲ್ಲಿ ಇಡುವವರು ಟೇಪು ಹಿಡಿದು ಅಳೆದು ಹೋಗಿ ಕೊಳ್ಳಬೇಕು. ಹಜಾರ ಚಿಕ್ಕದಿದ್ದು ಐದಾರು ಅಡಿ ದೂರದಿಂದ ನೋಡುವವರಿಗೆ 43 ಅಂಗುಲವೇ ಧಾರಾಳ. ನೆಲದ ಮೇಲೆ, ಮಂಚದ ಮೇಲೆ ಕೂತಾಗ ಕಣ್ಣಿನ ನೇರಕ್ಕೆ ಪರದೆಯ ನಡುಭಾಗ ಬರಬೇಕು. ಈಗಿನ ಹುಡುಗರು ಶೋಭೆಗೆಂದು ಬಾಗಿಲಿನ ಎತ್ತರಕ್ಕೆ ಹೊಡೆದುಬಿಡುತ್ತಾರೆ, ಆಮೇಲೆ ಹಿರಿಯರಿಗೆ ಕತ್ತು ನೋವು. ಕಿಟಕಿಯ ಎದುರು ಇಟ್ಟರೆ ಬೆಳಕು ಹೊಡೆದು ಮಧ್ಯಾಹ್ನ ಏನೂ ಕಾಣುವುದಿಲ್ಲ. ಹಳೆಯ ಮಣ್ಣಿನ ಗೋಡೆ, ಟೊಳ್ಳು ಇಟ್ಟಿಗೆಯ ಗೋಡೆಗಳಿಗೆ ಮೊಳೆ ನಿಲ್ಲುವುದಿಲ್ಲ, ಅಂತಹ ಕಡೆ ಮೇಜೇ ಲೇಸು. ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥ್ ಸರಿಯಾಗಿದೆಯೇ ಎಂದು ಮೊದಲು ನೋಡಿಸಬೇಕು. ಗುಡುಗು ಸಿಡಿಲಿನ ದಿನ ಕರೆಂಟಿನ ಪ್ಲಗ್ಗಿನ ಜೊತೆಗೆ ಛತ್ರಿಯಿಂದ ಬರುವ ತಂತಿಯನ್ನೂ ಬಿಚ್ಚಿಡಬೇಕು. ಪ್ಲಗ್ಗು ಮಾತ್ರ ತೆಗೆದರೆ ಅರ್ಧ ಜಾಗ್ರತೆ.

ಇನ್ನೊಂದು ಮಾತು. ಫುಲ್ ಎಚ್.ಡಿ. ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. 4ಕೆ ಎಂಬುದರಲ್ಲಿ 3840 ಮತ್ತು 2160. ಸಾದಾ ಚಾನೆಲ್‌ಗಳು ಕಳಿಸುವುದು 576 ಸಾಲುಗಳನ್ನು ಮಾತ್ರ. ನಾಲ್ಕು ಮೊಳದ ಬಟ್ಟೆಯನ್ನು ಹದಿನಾರು ಮೊಳಕ್ಕೆ ಎಳೆದರೆ ನೂಲು ಬಿಡುತ್ತದೆ. ದೊಡ್ಡ 4ಕೆ ಸೆಟ್ಟು ತಂದು ಸಾದಾ ಚಾನೆಲ್ ನೋಡಿ "ಅಂಗಡಿಯಲ್ಲಿ ಚೆನ್ನಾಗಿತ್ತು, ಮನೆಯಲ್ಲಿ ಮಸುಕು" ಎನ್ನುವವರಿಗೆ ಕಾರಣ ಇದು. ನಿಮ್ಮ ಮನೆಯವರು ನೋಡುವುದೇನು ಎಂದು ಯೋಚಿಸಿ ದುಡ್ಡು ಹಾಕಬೇಕು.

ತಂತಿಗಳಲ್ಲಿ ಮುಖ್ಯವಾದದ್ದು ಎಚ್.ಡಿ.ಎಂ.ಐ. ಎಂಬ ಚಪ್ಪಟೆ ತುದಿಯದು. ಬಾಕ್ಸಿನಿಂದ ಟಿ.ವಿ.ಗೆ ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುತ್ತದೆ. ಹಳದಿ, ಬಿಳಿ, ಕೆಂಪು ತುದಿಗಳ ಹಳೆಯ ತಂತಿ ಹಾಕಿದರೆ ಚಿತ್ರ ಬಂದರೂ ಹೊಳಪಿರುವುದಿಲ್ಲ. ಎಲ್ಲ ಜೋಡಿಸಿದ ಮೇಲೂ "ನೋ ಸಿಗ್ನಲ್" ಎಂದು ಬಂದರೆ ಟಿ.ವಿ. ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಒತ್ತಿ ತಂತಿ ಹಾಕಿದ ಕಿಂಡಿಯ ನಂಬರನ್ನು ಆರಿಸಬೇಕು. ಊರಲ್ಲಿ ಮೆಕ್ಯಾನಿಕ್ಕಿಗೆ ಹೋಗುವ ಫೋನುಗಳಲ್ಲಿ ಅರ್ಧ ಈ ಒಂದು ಗುಂಡಿಯವು. ಮೊಮ್ಮಕ್ಕಳು ಆಟವಾಡಿ ಗುಂಡಿ ಒತ್ತಿ ಸ್ಕೂಲಿಗೆ ಹೋಗುತ್ತಾರೆ, ಅಜ್ಜ ಸಂಜೆವರೆಗೂ ನೀಲಿ ಪರದೆ ನೋಡುತ್ತಾ ಕೂರುತ್ತಾರೆ. ಮುಖಗಳು ಅಡ್ಡಕ್ಕೆ ಉಬ್ಬಿ ಕಂಡರೆ ಪರದೆಯ ಅಳತೆಯ ಸೆಟ್ಟಿಂಗು ಬದಲಿಸಬೇಕು, ಹಳೆಯ ಚಿತ್ರಗಳು 4ಕ್ಕೆ 3ರ ಅಳತೆಯವು, ಹೊಸ ಪರದೆ 16ಕ್ಕೆ 9ರದು.

ಸಿಗ್ನಲ್ ತರಲಿಕ್ಕೆ ನಮ್ಮ ಕಡೆ ನಾಲ್ಕು ದಾರಿಗಳಿವೆ. ಒಂದು, ಊರ ಕೇಬಲ್. ಎರಡು, ತಿಂಗಳು ತಿಂಗಳು ರೀಚಾರ್ಜ್ ಮಾಡುವ ಖಾಸಗಿ ಛತ್ರಿ. ಮೂರು, ಆಂಧ್ರ ಸರ್ಕಾರದ ಫೈಬರ್‌ನೆಟ್. 2017ರ ಡಿಸೆಂಬರ್ 27ರಂದು ರಾಷ್ಟ್ರಪತಿ ಕೋವಿಂದ್ ಅವರು ಅದನ್ನು ಲೋಕಾರ್ಪಣೆ ಮಾಡಿದರು. ಒಂದೇ ತಂತಿಯಲ್ಲಿ ಟಿ.ವಿ., ಫೋನು, ಇಂಟರ್‌ನೆಟ್ ಮೂರೂ, ಆರಂಭದ ದರ ತಿಂಗಳಿಗೆ 149 ರೂಪಾಯಿ ಎಂದು ಆಗ ದೊಡ್ಡ ಸುದ್ದಿಯಾಗಿತ್ತು. ನಾಲ್ಕನೆಯದು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು. ಒಮ್ಮೆ ಛತ್ರಿ ಮತ್ತು ಬಾಕ್ಸು ಕೊಂಡರೆ ತಿಂಗಳ ಬಾಡಿಗೆಯಿಲ್ಲ. ಇದರ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭೂಮಿ ತಿರುಗುವ ವೇಗಕ್ಕೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತಂತೆ. ಹಿಂದೂಪುರ, ಕಲ್ಯಾಣದುರ್ಗಗಳಿಂದ ನೋಡಿದರೆ ಅದಿರುವುದು ಆಗ್ನೇಯ ದಿಕ್ಕಿನಲ್ಲಿ. ಆ ಕಡೆ ತೆಂಗಿನ ಮರವೋ ನೆರೆಮನೆಯ ಹೊಸ ಮಹಡಿಯೋ ಅಡ್ಡ ಬಂದರೆ ಛತ್ರಿಯ ಜಾಗ ಬದಲಿಸಬೇಕಾಗುತ್ತದೆ.

ಇಷ್ಟು ಯಂತ್ರದ ವಿಚಾರ. ಇನ್ನು ನಮಗೆ ಹೆಚ್ಚು ಮುಖ್ಯವೆಂದು ಕಂಡದ್ದನ್ನು ಹೇಳುತ್ತೇವೆ.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಮಡಕಶಿರಾ, ಪಾವಗಡದ ಮೇಲೆ ಹೋಗುವ ದಾರಿಯಲ್ಲಿ ಆಂಧ್ರ ಬಿಟ್ಟು ಕರ್ನಾಟಕಕ್ಕೆ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತೇವೆ. ಬಸ್ಸಿನಲ್ಲಿ ಕೂತವನಿಗೆ ಬೋರ್ಡಿನ ಅಕ್ಷರ ಬದಲಾದದ್ದು ಬಿಟ್ಟರೆ ಬೇರೆ ಗುರುತಿಲ್ಲ. ಅದೇ ಹೊಲ, ಅದೇ ಕಡಲೆಕಾಯಿ, ಅದೇ ಬಂಡೆ. ನಮ್ಮ ಮನೆಗಳೂ ಹಾಗೆಯೇ. ಅಂಗಡಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ. ತೆಲುಗು ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನಮಗೆ ಬೇಸರವೇನೂ ಇಲ್ಲ. ಕಲ್ಯಾಣದುರ್ಗದ ಬಳಿ ಕಂಬದೂರು ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಮೈಸೂರು ಮಹಾರಾಜ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು, ಕನ್ನಡದಲ್ಲೂ ಬರೆದರು. ಎರಡೂ ಭಾಷೆ ಬಲ್ಲವರು ಎರಡೂ ಕಡೆ ಮರ್ಯಾದೆ ಪಡೆದ ಸೀಮೆ ಇದು. ಆದರೆ ಎರಡೂ ಇರಬೇಕಾದರೆ ಎರಡೂ ಕಿವಿಗೆ ಬೀಳುತ್ತಿರಬೇಕು.

ನಮ್ಮ ಅಕ್ಕನನ್ನು ಕಲ್ಯಾಣದುರ್ಗಕ್ಕೆ ಕೊಟ್ಟು ಐವತ್ತು ವರ್ಷ ದಾಟಿತು. ಭಾವನವರು ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದರು, ಈಗಿಲ್ಲ. ಮಗ, ಸೊಸೆ, ಎರಡು ಮೊಮ್ಮಕ್ಕಳು. ಮಕ್ಕಳದು ಇಂಗ್ಲಿಷ್ ಮೀಡಿಯಂ, ಗೆಳೆಯರೊಡನೆ ತೆಲುಗು. ಅಕ್ಕನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಓದು ಕಡಿಮೆ, ಹಗಲಿನ ಜೊತೆಗಾರ ಟಿ.ವಿ.ಯೇ. ನಾ. ಸೋಮೇಶ್ವರ ಅವರು 2002ರಲ್ಲಿ ಚಂದನದಲ್ಲಿ ಆರಂಭಿಸಿದ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ವರ್ಷಗಟ್ಟಲೆ ನೋಡಿದವಳು. ಪ್ರಶ್ನೆಗೆ ಟಿ.ವಿ.ಯವರಿಗಿಂತ ಮೊದಲು ತಾನೇ ಉತ್ತರ ಕೂಗುತ್ತಿದ್ದಳು. 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕಕ್ಕೆ ಮೊಣಕಾಲು ನೋವಿನಿಂದ ಹೋಗಲಾಗದೆ ಮನೆಯಲ್ಲೇ ಟಿ.ವಿ.ಯ ಮುಂದೆ ಕೈಮುಗಿದು ಕೂತಿದ್ದಳು.

ಮಗ ತಾಯಿಗೆಂದೇ ಹೊಸ ದೊಡ್ಡ ಟಿ.ವಿ. ತಂದ. ಜೊತೆಗೆ ಕೇಬಲ್‌ನವರು ಹೊಸ ಬಾಕ್ಸು ಕೂಡಿಸಿ, ಆ ಊರಿಗೆ ಎಲ್ಲರಿಗೂ ಹಾಕುವ ಪ್ಯಾಕನ್ನೇ ಹಾಕಿ ಹೋದರು. ಆಮೇಲೆ ಒಂದು ಮದುವೆಗೆಂದು ಅಕ್ಕ ಹಿಂದೂಪುರಕ್ಕೆ ಬಂದವಳು ನಮ್ಮ ಹಜಾರದಲ್ಲಿ ಕೂತು ಮದುವೆಮನೆಗೆ ಹೊರಡುವುದನ್ನೂ ಮರೆತು ಟಿ.ವಿ. ನೋಡುತ್ತಿದ್ದಳು. ನಮ್ಮ ಮನೆಯವರು "ಏನತ್ತಿಗೆ, ನಿಮ್ಮ ಮನೇಲಿ ಇದಕ್ಕಿಂತ ದೊಡ್ಡ ಟಿ.ವಿ. ಇದೆಯಲ್ಲ" ಎಂದರು.

"ಇದೆ ಕಣಮ್ಮ. ಆದ್ರೆ ಅದು ಕನ್ನಡ ಮಾತಾಡಲ್ಲ."

"ಮತ್ತೆ ಮಗನಿಗೆ ಹೇಳಬಾರದಾ?"

"ಅಷ್ಟು ದುಡ್ಡು ಹಾಕಿ ತಂದಿದ್ದಾನೆ. ಕೆಲಸದಿಂದ ದಣಿದು ಬರ್ತಾನೆ. ಇದೊಂದಕ್ಕೆ ಅವನ ಹತ್ರ ಹೇಳೋದಾ? ಬಣ್ಣ ಚೆನ್ನಾಗಿದೆ, ನೋಡ್ತೀನಿ."

ಏಳು ತಿಂಗಳು ಆಕೆ ಬಣ್ಣ ನೋಡುತ್ತಾ ಕೂತಿದ್ದಳು. ಮಗ ಕೆಟ್ಟವನಲ್ಲ, ತಾಯಿಯನ್ನು ಕಣ್ಣಿನಲ್ಲಿಟ್ಟು ನೋಡಿಕೊಳ್ಳುವವನು. ತಾಯಿ ಹೇಳಲಿಲ್ಲ, ಅವನಿಗೆ ತಿಳಿಯಲಿಲ್ಲ. ನಮ್ಮ ಸಮಾಜದ ಮನೆಗಳಲ್ಲಿ ಹಿರಿಯರು ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ ಎಂಬುದು ವಾಚಕರಿಗೆ ಗೊತ್ತಿರುವುದೇ.

ಅಕ್ಕನನ್ನು ಬಿಡಲಿಕ್ಕೆ ಹೋದಾಗ ಕೇಬಲ್ ಹುಡುಗನನ್ನು ಕರೆಸಿದೆವು. ಅವನು "ಸಾವ್ಕಾರ್ರೇ, ಇಲ್ಲಿ ಕನ್ನಡ ಬರಲ್ಲ, ತೆಲುಗು ಪ್ಯಾಕೇ ಇರೋದು" ಎಂದ. ಬಾಕ್ಸಿನಲ್ಲಿ ಚಂದನವಾದರೂ ಇರಲೇಬೇಕಲ್ಲ ಎಂದು ಹುಡುಕಿಸಿದೆವು. ದೂರದರ್ಶನದ ಗೊತ್ತುಪಡಿಸಿದ ಚಾನೆಲ್‌ಗಳನ್ನು ಕೇಬಲ್‌ನವರು ಕೊಡಲೇಬೇಕೆಂದು ಕಾಯ್ದೆಯಿದೆ. ಚಂದನ ಪಟ್ಟಿಯ ಕೊನೆಯಲ್ಲಿ, ಮುನ್ನೂರು ಚಾನೆಲ್‌ಗಳ ಆಚೆ ಇತ್ತು. ರಿಮೋಟಿನಲ್ಲಿ ಮೂರು ಅಂಕಿ ಒತ್ತಬೇಕೆಂದು ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಖಾಸಗಿ ಕನ್ನಡ ಚಾನೆಲ್‌ಗಳಿಗೆ ಬಿಡಿಯಾಗಿ ದುಡ್ಡು ಕಟ್ಟುತ್ತೇವೆ, ಹಾಕಿಸು ಎಂದೆವು. "ಈ ಬೀದೀಲಿ ಕನ್ನಡ ಕೇಳೋರು ಯಾರಿದ್ದಾರೆ ಸಾವ್ಕಾರ್ರೇ?" ಎಂದ. ಅಕ್ಕನ ಜೊತೆ ಬಾಗಿಲಲ್ಲೇ ನಿಂತು ಬೆರಳು ಮಡಿಸಿ ಎಣಿಸಿದೆವು. ಮನೆಯಲ್ಲಿ ಕನ್ನಡ ಆಡುವ ಸಂಸಾರಗಳು ಹನ್ನೊಂದು. ಕೇಳುವ ಕಿವಿಗಳಿದ್ದವು, ಬೇಕೆಂದು ಕೇಳುವ ಬಾಯಿಗಳಿರಲಿಲ್ಲ.

ಇಲ್ಲಿ ನಾವು ಮೇಲೆ ಹೇಳಿದ ಲೆಕ್ಕದ ಮಾತು ಬರುತ್ತದೆ. ಗಿರಾಕಿ ಕೇಳದ ಮಾಲನ್ನು ನಾವೂ ಅಂಗಡಿಯಲ್ಲಿ ಇಡುವುದಿಲ್ಲ. ಕೇಬಲ್‌ನವರನ್ನು ಬೈದು ಪ್ರಯೋಜನವಿಲ್ಲ. ಹಿಂದೆ ಲೆಕ್ಕವಿಲ್ಲದ ಕಾಲದಲ್ಲಿ ತಂತಿಯಲ್ಲಿ ಬಂದದ್ದೆಲ್ಲ ಎಲ್ಲರಿಗೂ ಬರುತ್ತಿತ್ತು. 1994ರಲ್ಲಿ ಉದಯ ಟಿ.ವಿ. ಬಂದಾಗ ಗಡಿಯ ಊರುಗಳಲ್ಲಿ ಯಾರೂ ಅರ್ಜಿ ಹಾಕಿ ಕೇಳಲಿಲ್ಲ. ಈಗ ಪ್ರತಿ ಬಾಕ್ಸು ಒಂದು ಖಾತೆ. ಹನ್ನೊಂದು ಕನ್ನಡ ಮನೆಗಳೂ ಕೊಟ್ಟ ಪ್ಯಾಕನ್ನು ಸುಮ್ಮನೆ ತೆಗೆದುಕೊಂಡರೆ ಆ ಬೀದಿಯ ಕನ್ನಡದ ಖಾತೆಯಲ್ಲಿ ಬರೆಯುವುದು ಸೊನ್ನೆ. ಕಂಪ್ಯೂಟರಿಗೆ ಅಡುಗೆಮನೆಯ ಮಾತು ಕೇಳಿಸುವುದಿಲ್ಲ, ಅದು ಆರಿಸಿದ ಚಾನೆಲ್‌ಗಳನ್ನು ಮಾತ್ರ ಎಣಿಸುತ್ತದೆ. ಅದೇ ಹನ್ನೊಂದು ಮನೆಯವರು ಒಂದೊಂದು ಕನ್ನಡ ಚಾನೆಲ್ ಆರಿಸಿದರೆ ಹನ್ನೊಂದು ಎಂದು ಬರೆಯುತ್ತದೆ. ಆಗ ಮುಂದಿನ ಸಲ ಪ್ಯಾಕು ಮಾಡುವವನು ಕನ್ನಡವನ್ನು ಬಿಡುವ ಮುನ್ನ ಯೋಚಿಸುತ್ತಾನೆ. ಇದಕ್ಕೆ ಮೆರವಣಿಗೆ ಬೇಡ, ಮನವಿಪತ್ರ ಬೇಡ. ತಿಂಗಳಿಗೆ ಕೆಲವು ರೂಪಾಯಿಯ ವಿಷಯ.

ಕಾನೂನೂ ನಮ್ಮ ಕಡೆಗಿದೆ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಹೊರಡಿಸಿ 2019ರ ಫೆಬ್ರವರಿಯಿಂದ ಪೂರ್ತಿ ಜಾರಿಗೆ ತಂದ ಆದೇಶದ ಪ್ರಕಾರ ಪ್ರತಿ ಚಾನೆಲಿಗೂ ಬಿಡಿ ಬೆಲೆ ಪ್ರಕಟಿಸಬೇಕು, ಬಿಡಿಯಾಗಿ ಕೇಳಿದವರಿಗೆ ಬಿಡಿಯಾಗಿ ಕೊಡಬೇಕು. ಆಗ ನೂರು ಚಾನೆಲಿಗೆ ನೆಟ್‌ವರ್ಕ್ ಬಾಡಿಗೆ ಹೆಚ್ಚೆಂದರೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಎಂದಿತ್ತು. 2020ರ ತಿದ್ದುಪಡಿಯಲ್ಲಿ ಅದೇ ಬಾಡಿಗೆಗೆ 200 ಚಾನೆಲ್ ಎಂದಾಯಿತು. 2024ರ ಜುಲೈಯಲ್ಲಿ ಈ ಮಿತಿಯನ್ನೇ ತೆಗೆದು ದರವನ್ನು ಕಂಪನಿಗಳಿಗೇ ಬಿಟ್ಟರು. ಆದ್ದರಿಂದ ಈಗ ದರ ವಿಚಾರಿಸಿಯೇ ಹಾಕಿಸಬೇಕು. 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲನ್ನು ಗುಂಪು ಪ್ಯಾಕಿನಲ್ಲಿ ಸೇರಿಸುವಂತಿಲ್ಲ ಎಂದು 2022ರ ನವೆಂಬರ್ ತಿದ್ದುಪಡಿ ಹೇಳಿತು. ಬಿಲ್ಲು ಕೇಳಿ ಪಡೆಯಿರಿ. ಬೇಡದ ಚಾನೆಲುಗಳನ್ನು ತೆಗೆಸಿದರೆ ಆ ದುಡ್ಡಿನಲ್ಲೇ ಬೇಕಾದದ್ದು ಬರುತ್ತದೆ. ಹುಡುಗ ಆಗುವುದಿಲ್ಲವೆಂದರೆ ಅವನ ಮೇಲಿನ ಕಂಪನಿಯ ಗ್ರಾಹಕ ನಂಬರಿಗೆ ದೂರು ಕೊಟ್ಟು ದೂರಿನ ನಂಬರು ಬರೆದುಕೊಳ್ಳಬೇಕು, ಅಲ್ಲೂ ಆಗದಿದ್ದರೆ ನೋಡಲ್ ಅಧಿಕಾರಿ ಇರುತ್ತಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915.

ಕಲ್ಯಾಣದುರ್ಗದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಹುಡುಗ ತನ್ನ ಮೇಲಿನವರಿಗೆ ಫೋನು ಮಾಡಿದ, ಬಾಕ್ಸಿನ ನಂಬರು ಹೇಳಿದ, ಸ್ವಲ್ಪ ಹೊತ್ತಿನಲ್ಲಿ ಎರಡು ಕನ್ನಡ ಚಾನೆಲ್ ಬಂದವು. "ಇಷ್ಟೇನಾ!" ಎಂದು ಸೋದರಳಿಯ ಬೆರಗಾದ. ಆಮೇಲೆ ಅವನೇ ಒಂದು ರಟ್ಟಿನ ಮೇಲೆ ಕರಿ ಪೆನ್ನಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಚಂದನ ಮತ್ತಿತರ ಚಾನೆಲ್‌ಗಳ ನಂಬರು ಬರೆದು ಟಿ.ವಿ.ಯ ಪಕ್ಕ ತೂಗುಹಾಕಿದ. ಎಂಟು ವರ್ಷದ ಮೊಮ್ಮಗಳು ಅಜ್ಜಿಗೆ ನಂಬರು ಒತ್ತಿಕೊಡುತ್ತಾಳೆ, ಅಜ್ಜಿ ಅವಳಿಗೆ ರಟ್ಟಿನ ಮೇಲಿನ ಕನ್ನಡ ಅಕ್ಷರ ಓದಿಸುತ್ತಾಳೆ. ಚ, ದ, ನ ಬಂದಿದೆಯಂತೆ.

ಉಳಿದಂತೆ ಕೆಲವು ಮನೆಯ ಮಾತು. ಈಗಿನ ಟಿ.ವಿ.ಗಳಿಗೆ ಇಂಟರ್‌ನೆಟ್ಟೂ ಇರುವುದರಿಂದ ಅದು ಬರೀ ನೋಡುವ ಪೆಟ್ಟಿಗೆಯಲ್ಲ, ಬೀದಿಗೆ ತೆರೆದ ಬಾಗಿಲು. ಮಕ್ಕಳಿರುವ ಮನೆಯಲ್ಲಿ ಪಿನ್ ನಂಬರಿನ ಬೀಗ ಹಾಕಿಸಿ, ಆ ನಂಬರು ಹಿರಿಯರೊಬ್ಬರ ಬಳಿ ಇರಲಿ. "ನಿಮ್ಮ ಬಾಕ್ಸು ಇವತ್ತು ಬಂದ್ ಆಗುತ್ತದೆ, ಒ.ಟಿ.ಪಿ. ಹೇಳಿ" ಎಂದು ಫೋನು ಬಂದರೆ ಯಾರಿಗೂ ಹೇಳಬಾರದು. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಸಂಜೆ ಹೊತ್ತು ಮುಳುಗುವ ಮುನ್ನ ಊಟ ಮಾಡುವ ಪದ್ಧತಿ ಇರುವ ನಮ್ಮ ಮನೆಗಳಲ್ಲಿ ಆ ಅರ್ಧ ಗಂಟೆ ಟಿ.ವಿ. ಮುಚ್ಚಿದ್ದರೆ ಎಲ್ಲರೂ ಒಟ್ಟಿಗೆ ಕೂತು ನಾಲ್ಕು ಮಾತಾಡಬಹುದು. ಪರದೆಗೆ ಕಣ್ಣಿಟ್ಟು ತಿಂದವನಿಗೆ ಎಲೆಯಲ್ಲಿ ಏನಿತ್ತೆಂದೇ ಗೊತ್ತಿರುವುದಿಲ್ಲ. ಹಳೆಯ ಟಿ.ವಿ.ಯನ್ನು ಗುಜರಿಯವನಿಗೆ ಒಡೆಯಲು ಕೊಡಬೇಡಿ. ಹಳೆಯ ಗಾಜಿನ ಪಿಕ್ಚರ್ ಟ್ಯೂಬಿನಲ್ಲಿ ಸೀಸವಿರುತ್ತದೆ, ಒಡೆದು ಎಸೆದರೆ ಮಣ್ಣಿಗೂ ನೀರಿಗೂ ಜೀವಗಳಿಗೂ ಕೇಡು. ಹೊಸದು ಕೊಳ್ಳುವ ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಡುವುದು ಅಥವಾ ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೆ ಕೊಡುವುದು ಸರಿ.

ಮುಖ್ಯವಾದದ್ದು ಇದು. ಟಿ.ವಿ. ಕೂಡಿಸಲು ಬಂದ ಹುಡುಗ ಹೋಗುವ ಮುನ್ನ ಮನೆಯ ಅತ್ಯಂತ ಹಿರಿಯರನ್ನು ಪರದೆಯ ಮುಂದೆ ಕೂರಿಸಿ, "ನಿಮಗೆ ಯಾವುದು ನೋಡಬೇಕು?" ಎಂದು ಒಂದು ಮಾತು ಕೇಳಿ. ಅವರು "ಯಾವುದಾದ್ರೂ ಆಗುತ್ತೆ" ಎನ್ನುತ್ತಾರೆ. ಅಷ್ಟಕ್ಕೇ ಬಿಡದೆ ಎರಡನೆಯ ಸಲವೂ ಕೇಳಿ. ಈಗಾಗಲೇ ಟಿ.ವಿ. ಇರುವವರು ಈ ತಿಂಗಳ ಬಿಲ್ಲು ಕಟ್ಟುವ ಮೊದಲು ಪ್ಯಾಕಿನ ಪಟ್ಟಿಯನ್ನೊಮ್ಮೆ ಓದಿ ನೋಡಿ, ಅದರಲ್ಲಿ ನಿಮ್ಮ ಮನೆಯ ಮಾತಿಗೆ ಒಂದು ಸಾಲಾದರೂ ಇದೆಯೇ ಎಂದು. ಇಲ್ಲದಿದ್ದರೆ ಬರೆಸಿ.